ಈಜುದಂಡೆಯಲ್ಲಿ ಮೆಟಲ್ ಡಿಟೆಕ್ಟರ್: ಬೇಸಿಗೆಯ ಹುಡುಕಾಟಕ್ಕೊಂದು ಕೈಪಿಡಿ

ಉಂಗುರ ಕಳೆದುಹೋಗುವ ಗಳಿಗೆಯನ್ನು ನಾನು ಕಣ್ಣಾರೆ ಕಂಡದ್ದು ಒಂದೇ ಸಲ. ಸರೋವರದ ಈಜುದಂಡೆ, ಮಟಮಟ ಮಧ್ಯಾಹ್ನ. ತಂದೆಯೊಬ್ಬರು ಸೊಂಟಮಟ್ಟದ ನೀರಿನಲ್ಲಿ ನಿಂತು ಮಗುವನ್ನು ಮೇಲಕ್ಕೆಸೆದು ಹಿಡಿಯುತ್ತಿದ್ದರು. ಮಗು ಕೇಕೆ ಹಾಕುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವರು ಮಗುವನ್ನು ಕೆಳಗಿಳಿಸಿ ಎಡಗೈಯನ್ನು ಮುಖದ ಹತ್ತಿರ ತಂದು ನೋಡಿಕೊಂಡರು. ಬೆರಳಿನ ಬುಡದಲ್ಲಿ ಬಿಳಿಯ ಪಟ್ಟೆಯೊಂದು ಮಾತ್ರ ಉಳಿದಿತ್ತು. ಮುಂದಿನ ಒಂದು ಗಂಟೆ ಅವರು ಕಾಲಿನಿಂದ ಮರಳನ್ನು ತಡಕುತ್ತಲೇ ಇದ್ದರು. ಅಂದರೆ, ಉಂಗುರವನ್ನು ಇನ್ನಷ್ಟು ಆಳಕ್ಕೆ ತುಳಿಯುತ್ತಲೇ ಇದ್ದರು.

ಈಜುದಂಡೆಯ ಹುಡುಕಾಟದ ಮುಕ್ಕಾಲು ಪಾಲು ಪಾಠ ಈ ದೃಶ್ಯದಲ್ಲೇ ಇದೆ. ಬಿಸಿಲಿನಲ್ಲಿ ಬೆರಳು ಊದಿಕೊಂಡು ಉಂಗುರ ಬಿಗಿಯಾಗಿರುತ್ತದೆ. ಆ ಬಿಗಿಯನ್ನು ನಂಬಿ ಜನ ನೀರಿಗಿಳಿಯುತ್ತಾರೆ. ತಣ್ಣೀರಿಗೆ ರಕ್ತನಾಳಗಳು ಸಂಕುಚಿಸಿ ಬೆರಳು ಸಣ್ಣದಾಗುತ್ತದೆ, ಮೈಗೆ ಹಚ್ಚಿಕೊಂಡ ಸನ್‌ಸ್ಕ್ರೀನ್ ಜಾರುಬಂಡೆಯ ಕೆಲಸ ಮಾಡುತ್ತದೆ. ಚೆಂಡು ಎಸೆಯುವಾಗ, ನೀರು ಎರಚುವಾಗ, ಮಗುವನ್ನು ಎತ್ತುವಾಗ ಕೈ ಜೋರಾಗಿ ಬೀಸಿದರೆ ಸಾಕು. ಹಾಗಾಗಿ ಹೂತ ಲೋಹ ಸಿಕ್ಕರೆ ಸದ್ದು ಮಾಡುವ ಮೆಟಲ್ ಡಿಟೆಕ್ಟರ್ ಯಂತ್ರವನ್ನು ಕೊಳ್ಳುವ ಮೊದಲೇ ಒಂದು ಮಾತು ಹೇಳುತ್ತೇನೆ: ನೀವು ಹುಡುಕಬೇಕಾದದ್ದು ಲೋಹವನ್ನಲ್ಲ, ಜನ ಏನು ಮಾಡಿದರು, ಎಲ್ಲಿ ಮಾಡಿದರು ಎಂಬುದನ್ನು. ಲೋಹ ಅದರ ಹಿಂದೆಯೇ ಬರುತ್ತದೆ.

ಮೊದಲು ಅಪ್ಪಣೆ

ಇದು ಬೇಸರದ ಭಾಗ, ಆದರೆ ಬಿಡುವಂತಿಲ್ಲ. ಕೆರೆ, ಸರೋವರ, ಜಲಾಶಯ ಯಾವುದೇ ಆಗಲಿ, ದಡ ಯಾರದೋ ಒಬ್ಬರ ಸುಪರ್ದಿಯಲ್ಲಿ ಇರುತ್ತದೆ: ಪುರಸಭೆ, ಅರಣ್ಯ ಇಲಾಖೆ, ನೀರಾವರಿ ಇಲಾಖೆ ಅಥವಾ ಖಾಸಗಿ ಮಾಲೀಕರು. ಅವರನ್ನು ಕೇಳಿ, ಸಾಧ್ಯವಾದರೆ ಬರಹದಲ್ಲಿ ಪಡೆದುಕೊಳ್ಳಿ. ಒಣ ಮರಳಿಗೆ ಸಿಕ್ಕ ಅಪ್ಪಣೆ ನೀರಿನ ತಳಕ್ಕೂ ಅನ್ವಯಿಸುತ್ತದೆ ಎಂದು ಭಾವಿಸಬೇಡಿ. ಎರಡಕ್ಕೂ ಬೇರೆ ಬೇರೆ ಇಲಾಖೆಗಳಿರುವುದು ಅಪರೂಪವಲ್ಲ.

ಕಾನೂನು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಇಂಗ್ಲೆಂಡಿನಲ್ಲಿ 1996ರ ನಿಧಿ ಕಾಯ್ದೆಯ ಪ್ರಕಾರ ನಿಧಿ ಎನಿಸಬಹುದಾದ ವಸ್ತು ಸಿಕ್ಕರೆ 14 ದಿನಗಳೊಳಗೆ ವರದಿ ಮಾಡಬೇಕು. ಅಮೆರಿಕದ ಒಕ್ಕೂಟ ಸರ್ಕಾರದ ಜಮೀನಿನಲ್ಲಿ 100 ವರ್ಷ ದಾಟಿದ ಪುರಾತತ್ವ ವಸ್ತುಗಳನ್ನು ಅನುಮತಿಯಿಲ್ಲದೆ ಅಗೆಯುವುದನ್ನು 1979ರ ಕಾಯ್ದೆ ನಿಷೇಧಿಸುತ್ತದೆ. ಐರ್ಲೆಂಡಿನಲ್ಲಿ ಒಪ್ಪಿಗೆಯಿಲ್ಲದೆ ಪುರಾತನ ವಸ್ತುಗಳಿಗಾಗಿ ಡಿಟೆಕ್ಟರ್ ಬಳಸುವುದೇ ಅಪರಾಧ. ನಿಮ್ಮಲ್ಲಿ ಏನಿದೆ ಎಂಬುದನ್ನು ನೀವೇ ವಿಚಾರಿಸಿಕೊಳ್ಳಬೇಕು. ಸಂರಕ್ಷಿತ ಸ್ಮಾರಕ, ಹಳೆಯ ಕೋಟೆ, ಮುಳುಗಡೆಯಾದ ಊರು ಪಕ್ಕದಲ್ಲಿದ್ದರೆ ಆ ದಡದ ಆಸೆಯನ್ನೇ ಬಿಡಿ. ಜನ ವಾರವಾರವೂ ತುಳಿದಾಡುವ ಈಜುದಂಡೆ ಹುಡುಕಾಟಕ್ಕೆ ಸುರಕ್ಷಿತ, ಫಲವೂ ಅಲ್ಲೇ ಹೆಚ್ಚು.

ಯಂತ್ರದ ಆಯ್ಕೆ

ಡಿಟೆಕ್ಟರಿನ ತುದಿಯ ತಟ್ಟೆಯಂಥ ಭಾಗವನ್ನು ಕಾಯಿಲ್ ಎನ್ನುತ್ತಾರೆ. ಅದರೊಳಗಿನ ತಂತಿಯ ಸುರುಳಿ ಕ್ಷಣಕ್ಷಣಕ್ಕೂ ಬದಲಾಗುವ ಕಾಂತಕ್ಷೇತ್ರವನ್ನು ಹೊರಸೂಸುತ್ತದೆ. ಆ ಕ್ಷೇತ್ರದೊಳಗೆ ಲೋಹ ಸಿಕ್ಕರೆ ಲೋಹದಲ್ಲಿ ಸುಳಿವಿದ್ಯುತ್ ಹುಟ್ಟುತ್ತದೆ, ಅದು ತನ್ನದೇ ಪುಟ್ಟ ಕಾಂತಕ್ಷೇತ್ರವನ್ನು ಹಿಂದಕ್ಕೆ ಕಳುಹಿಸುತ್ತದೆ. ಇನ್ನೊಂದು ಸುರುಳಿ ಅದನ್ನು ಆಲಿಸುತ್ತದೆ. ಉತ್ತರ ಎಷ್ಟು ತಡವಾಗಿ ಬಂತು ಎಂಬುದರಿಂದ ಅದು ಕಬ್ಬಿಣವೋ, ಅಲ್ಯೂಮಿನಿಯಮ್ಮೋ, ಬೆಳ್ಳಿಯೋ ಎಂದು ಯಂತ್ರ ಅಂದಾಜು ಮಾಡುತ್ತದೆ. ಅಂದಾಜು ಮಾತ್ರ. ಈ ಪದದ ಮೇಲೆ ಒಂದು ಬೆರಳಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಮಾರುಕಟ್ಟೆಯಲ್ಲಿ ಮೂರು ಬಗೆಯವು ಸಿಗುತ್ತವೆ. ಒಂದೇ ಆವರ್ತನದಲ್ಲಿ ಕೆಲಸ ಮಾಡುವವು, ಏಕಕಾಲಕ್ಕೆ ಹಲವು ಆವರ್ತನಗಳನ್ನು ಬಳಸುವವು ಮತ್ತು ಕಾಂತಕ್ಷೇತ್ರವನ್ನು ಬಿಟ್ಟುಬಿಟ್ಟು ಮಿಡಿತಗಳಾಗಿ ಕಳುಹಿಸುವ ಪಲ್ಸ್ ಇಂಡಕ್ಷನ್ ಯಂತ್ರಗಳು. ಸಮುದ್ರದ ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ಅಲ್ಲಿ ಮೊದಲನೆಯ ಬಗೆ ಸುಮ್ಮಸುಮ್ಮನೆ ಕಿರುಚುತ್ತದೆ, ಒದ್ದೆ ಮರಳಿಗೆ ಉಳಿದೆರಡೇ ಗತಿ. ಆದರೆ ಕೆರೆ, ಸರೋವರಗಳ ಸಿಹಿನೀರಿಗೆ ಆ ತಕರಾರಿಲ್ಲ. ಸಾಧಾರಣ ಏಕ ಆವರ್ತನದ ಯಂತ್ರ ಇಲ್ಲಿ ನಿಶ್ಚಿಂತೆಯಿಂದ ದುಡಿಯುತ್ತದೆ. ಪಲ್ಸ್ ಇಂಡಕ್ಷನ್ ಆಳಕ್ಕೆ ಇಳಿಯುತ್ತದೆ ನಿಜ, ಆದರೆ ಕಬ್ಬಿಣವನ್ನು ಸರಿಯಾಗಿ ಬೇರ್ಪಡಿಸುವುದಿಲ್ಲ. ಹೇರ್‌ಪಿನ್ನು, ಮೊಳೆ, ಗಾಳದ ಕೊಕ್ಕೆಗಳಿಂದ ತುಂಬಿದ ಕೆರೆದಂಡೆಯಲ್ಲಿ ಅದನ್ನು ಹಿಡಿದು ಹೊರಟರೆ ಸಂಜೆಯೊಳಗೆ ತೋಳು ಬಿದ್ದುಹೋಗುತ್ತದೆ. ಕೆರೆಗೆ ದುಬಾರಿ ಯಂತ್ರ ಬೇಕೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಹಣ ಹಾಕಬೇಕಾದದ್ದು ಜಲನಿರೋಧಕ ಗುಣಕ್ಕೆ. ಇಲ್ಲೊಂದು ಮೋಸಹೋಗುವ ಜಾಗವಿದೆ. ಅನೇಕ ಯಂತ್ರಗಳಲ್ಲಿ ಕಾಯಿಲ್ ಮಾತ್ರ ಜಲನಿರೋಧಕವಾಗಿರುತ್ತದೆ, ಮೇಲಿನ ನಿಯಂತ್ರಣ ಪೆಟ್ಟಿಗೆ ಅಲ್ಲ. ಮೊಣಕಾಲಿನವರೆಗಿನ ನೀರಿಗೆ ಅದು ಸಾಕು. ಸೊಂಟಮಟ್ಟಕ್ಕೆ ಇಳಿಯುವುದಾದರೆ ಇಡೀ ಯಂತ್ರ ಮುಳುಗಿದರೂ ತಡೆಯುವಂಥದ್ದೇ ಬೇಕು. ಹೆಡ್‌ಫೋನಿನ ವಿಷಯದಲ್ಲೂ ಎಚ್ಚರ. ವೈರ್‌ಲೆಸ್ ಹೆಡ್‌ಫೋನಿಗೆ ಸದ್ದು ಒಯ್ಯುವ ರೇಡಿಯೊ ಅಲೆಯನ್ನು ನೀರು ಕೆಲವೇ ಅಂಗುಲಗಳಲ್ಲಿ ನುಂಗಿಹಾಕುತ್ತದೆ. ಪೆಟ್ಟಿಗೆ ಮುಳುಗಿದೊಡನೆ ಕಿವಿಯಲ್ಲಿ ಮೌನ. ಮೊದಲ ಸಲ ಹೀಗಾದಾಗ ದಂಡೆಯಲ್ಲಿ ಏನೂ ಇಲ್ಲವೆಂದೇ ತಿಳಿದು ಅರ್ಧ ಗಂಟೆ ನೀರು ಕಲಕಿದವನು ನಾನು. ನೀರಿಗೆ ತಂತಿಯುಳ್ಳ ಜಲನಿರೋಧಕ ಹೆಡ್‌ಫೋನೇ ಸರಿ.

ಯಂತ್ರದಷ್ಟೇ ಮುಖ್ಯವಾದದ್ದು ಸ್ಕೂಪ್, ಅಂದರೆ ತೂತುಗಳಿರುವ ಮರಳು ಎತ್ತುವ ಬುಟ್ಟಿ. ಒಣ ಮರಳಿಗೆ ಕೈಯಳತೆಯ ಪ್ಲಾಸ್ಟಿಕ್ ಸ್ಕೂಪ್ ಸಾಕು. ನೀರಿಗೆ ಎದೆಯೆತ್ತರದ ಹಿಡಿಯಿರುವ ಸ್ಟೇನ್‌ಲೆಸ್ ಸ್ಟೀಲಿನದೇ ಬೇಕು. ಕೊಳ್ಳುವಾಗ ನಿಮ್ಮದೇ ಉಂಗುರವೊಂದನ್ನು ಅದರ ತೂತುಗಳ ಮೇಲೆ ಆಡಿಸಿ ನೋಡಿ. ಉಂಗುರ ಅಡ್ಡಡ್ಡವಾಗಿ ನಿಲ್ಲುವುದಷ್ಟೇ ಅಲ್ಲ, ಲಂಬವಾಗಿಯೂ ಜಾರಿಹೋಗಬಾರದು. ಕಿವಿಯೋಲೆ, ಮೂಗುಬೊಟ್ಟು ಹೇಗಿದ್ದರೂ ಜಾರುತ್ತವೆ. ಅವುಗಳಿಗೆ ಹಗ್ಗ ಕಟ್ಟಿ ತೇಲಿಸಿದ ಜರಡಿಯೇ ಬೇಕು: ಗಾಳಿ ತುಂಬಿದ ಟ್ಯೂಬಿನ ನಡುವೆ ಸಣ್ಣ ಕಣ್ಣಿನ ಜಾಲರಿ ಕಟ್ಟಿದರೆ ಆಯಿತು, ಕೊಳ್ಳಬೇಕಾಗಿಲ್ಲ. ಇವುಗಳ ಜತೆಗೆ ಎರಡು ಚೀಲ: ಸಿಕ್ಕದ್ದಕ್ಕೆ ಜಿಪ್ ಇರುವುದೊಂದು, ಕಸಕ್ಕೆ ಇನ್ನೊಂದು. ದಪ್ಪ ಅಟ್ಟೆಯ ನೀರುಬೂಟು ಮತ್ತು ಕೈಗವಸನ್ನು ಮರೆಯಬೇಡಿ. ತಳದಲ್ಲಿ ಒಡೆದ ಬಾಟಲಿ, ಗಾಳದ ಕೊಕ್ಕೆ ಇಲ್ಲದ ಈಜುದಂಡೆಯನ್ನು ನಾನಂತೂ ಇನ್ನೂ ಕಂಡಿಲ್ಲ.

ದಂಡೆಯನ್ನು ಓದುವುದು

ಇದಕ್ಕೆ ಯಂತ್ರ ಬೇಡ. ಜನ ತುಂಬಿರುವ ಮಧ್ಯಾಹ್ನವೊಂದರಲ್ಲಿ ಬರಿಗೈಯಲ್ಲಿ ಹೋಗಿ ನೆರಳಿನಲ್ಲಿ ಕುಳಿತು ಒಂದು ಗಂಟೆ ನೋಡಿ. ಟವೆಲ್ ಎಲ್ಲಿ ಹಾಸುತ್ತಾರೆ? ಮರದ ನೆರಳು ಸರಿದಂತೆ ಟವೆಲ್‌ಗಳೂ ಸರಿಯುತ್ತವೆ, ಬೆಳಗ್ಗೆ ಮರದ ಪಡುವಣಕ್ಕೆ ಹಾಸಿದವರು ಸಂಜೆ ಮೂಡಣಕ್ಕೆ ಬಂದಿರುತ್ತಾರೆ. ಯಾವ ದಾರಿಯಿಂದ ನೀರಿಗೆ ಇಳಿಯುತ್ತಾರೆ? ಚೆಂಡಾಟ ಎಲ್ಲಿ? ಮಕ್ಕಳು ಎಲ್ಲಿಂದ ಧುಮುಕುತ್ತಾರೆ? ಇದನ್ನೆಲ್ಲ ಕಾಗದದ ಮೇಲೆ ಗೀಚಿಕೊಳ್ಳಿ. ನಿಮ್ಮ ನಕ್ಷೆ ಸಿದ್ಧವಾಯಿತು.

ಒಣ ಮರಳಿನಲ್ಲಿ ಟವೆಲಿನ ಸಾಲೇ ಚಿನ್ನದ ಸಾಲು. ಈಜುವ ಮೊದಲು ಉಂಗುರ, ಸರ ತೆಗೆದು ಟವೆಲಿನ ಮೂಲೆಯಲ್ಲಿ ಸುತ್ತಿಡುತ್ತಾರೆ. ಹೊರಡುವ ಗಡಿಬಿಡಿಯಲ್ಲಿ ಮರಳು ಉದುರಲೆಂದು ಅದೇ ಟವೆಲನ್ನು ಝಾಡಿಸುತ್ತಾರೆ. ಗಾಳಿ ಎತ್ತ ಬೀಸುತ್ತದೋ ಅತ್ತ ಬೆನ್ನು ಮಾಡಿ ಯಾರೂ ಝಾಡಿಸುವುದಿಲ್ಲ, ಮರಳು ತಮ್ಮ ಮುಖಕ್ಕೇ ಬೀಳುತ್ತದೆ. ಆದ್ದರಿಂದ ಟವೆಲಿನ ಸಾಲಿನಿಂದ ಗಾಳಿ ಹೋಗುವ ದಿಕ್ಕಿಗೆ ಎರಡು ಮೂರು ಹೆಜ್ಜೆ ಆಚೆಗೂ ನೋಡಿ. ಉಳಿದಂತೆ ವಾಲಿಬಾಲ್ ಅಂಗಳದ ಎರಡೂ ಬದಿ, ಬಟ್ಟೆ ಬದಲಿಸುವ ಕೋಣೆಯ ಸುತ್ತ, ಬೆಂಚುಗಳ ಕೆಳಗೆ, ಕಾಲು ತೊಳೆಯುವ ನಲ್ಲಿಯ ಹತ್ತಿರ.

ನೀರಿನೊಳಗೆ ಮೊಣಕಾಲುದ್ದದಲ್ಲಿ ಮಕ್ಕಳ ಆಟಿಕೆ, ನಾಣ್ಯ. ಸೊಂಟದಿಂದ ಎದೆಮಟ್ಟದವರೆಗಿನ ಪಟ್ಟಿ ದೊಡ್ಡವರದು. ನಿಂತು ಮಾತಾಡುವುದು, ಮಗುವಿಗೆ ಈಜು ಕಲಿಸುವುದು, ಎರಚಾಟ ಎಲ್ಲವೂ ಅಲ್ಲೇ. ಈಜಿನ ಗಡಿ ತೋರಿಸುವ ತೇಲುಹಗ್ಗದ ಒಳಬದಿಯನ್ನು ಬಿಡಬೇಡಿ, ದಣಿದವರು ಅದನ್ನು ಹಿಡಿದು ನೇತಾಡುತ್ತಾರೆ. ಅಟ್ಟಣಿಗೆಯ ಏಣಿಯ ಬುಡ, ಜಾರುಬಂಡೆ ಮುಗಿಯುವ ಜಾಗ, ಧುಮುಕುವ ಹಲಗೆಯ ಮುಂದಿನ ಆಳ ಇವು ಮೂರೂ ಕೈಗೆ ಪೆಟ್ಟು ಬೀಳುವ ಜಾಗಗಳು. ಆಳದ ಜಾಗ ಮುಳುಗುಗಾರರದು, ನಮ್ಮದಲ್ಲ.

ಕೆರೆಗೂ ಕಡಲಿಗೂ ಇಲ್ಲೊಂದು ದೊಡ್ಡ ಅಂತರವಿದೆ. ಕಡಲಿನ ಅಲೆ ಬಿದ್ದದ್ದನ್ನು ಎಳೆದಾಡುತ್ತದೆ, ಬಿರುಗಾಳಿ ಬಂದುಹೋದ ಮೇಲೆ ದಂಡೆಯ ರೂಪವೇ ಬೇರೆ. ಕೆರೆ ಹಾಗಲ್ಲ, ಬಿದ್ದದ್ದು ಹೆಚ್ಚುಕಡಿಮೆ ಬಿದ್ದಲ್ಲೇ ಇರುತ್ತದೆ. ಬದಲಾಗುವುದು ಆಳ ಮಾತ್ರ. ಚಿನ್ನದ ಸಾಂದ್ರತೆ ನೀರಿನ 19 ಪಟ್ಟಿಗಿಂತ ಹೆಚ್ಚು, ಬೆಳ್ಳಿಯದು ಹತ್ತು ಪಟ್ಟು ಚಿಲ್ಲರೆ, ಅಲ್ಯೂಮಿನಿಯಮ್ಮಿನದು ಮೂರಕ್ಕೂ ಕಡಿಮೆ. ಕಾಲ್ತುಳಿತಕ್ಕೆ ಮರಳು ಅಲುಗಿದಷ್ಟೂ ಉಂಗುರ ಇಳಿಯುತ್ತಾ ಹೋಗುತ್ತದೆ, ಗಟ್ಟಿ ಜೇಡಿಯೋ ಜಲ್ಲಿಯೋ ಅಡ್ಡ ಬಂದಾಗ ನಿಲ್ಲುತ್ತದೆ. ಅನೇಕ ಈಜುದಂಡೆಗಳ ಮರಳು ಆ ಕೆರೆಯದಲ್ಲ, ಲಾರಿಯಲ್ಲಿ ತಂದು ಸುರಿದದ್ದು. ಅದರ ಕೆಳಗೆ ಮೂಲದ ಜೇಡಿಯ ಪದರ ಇರುತ್ತದೆ. ಸ್ಕೂಪಿನ ಹಿಡಿಯನ್ನು ಅಲ್ಲಲ್ಲಿ ಚುಚ್ಚಿ ನೋಡಿ: ಒಂದು ಗೇಣಿನೊಳಗೆ 'ಟಕ್' ಎಂದು ತಾಗಿದರೆ ಒಳ್ಳೆಯ ಜಾಗ, ಹಲವು ವರ್ಷಗಳಲ್ಲಿ ಕಳೆದುಹೋದದ್ದು ಆ ತಳದ ಮೇಲೆ ಕೂತಿರಬಹುದು. ಹಿಡಿ ಮೊಳದುದ್ದ ಇಳಿದರೂ ತಳ ಸಿಗದಿದ್ದರೆ ಹೊಸದಾಗಿ ಬಿದ್ದದ್ದಷ್ಟೇ ನಿಮ್ಮ ಪಾಲಿಗೆ.

ಬೇಸಿಗೆ ಕಳೆಯುತ್ತಾ ಬಂದಂತೆ ನೀರು ಇಳಿಯುತ್ತದೆ, ಜಲಾಶಯಗಳಲ್ಲಿ ಇದು ಇನ್ನೂ ಹೆಚ್ಚು. ತಿಂಗಳ ಹಿಂದೆ ಎದೆಮಟ್ಟವಿದ್ದ ಜಾಗದಲ್ಲಿ ಇಂದು ಮೊಣಕಾಲುದ್ದ ನೀರು. ಆಗ ನೀರಿನ ಅಂಚನ್ನು ನೋಡಿ ಹುಡುಕಬೇಡಿ. ಹಿಂದೆ ಅಂಚು ಎಲ್ಲಿತ್ತು, ಜನ ಎಲ್ಲಿ ನಿಂತಿದ್ದರು ಎಂಬುದನ್ನು ನೆನಪಿಸಿಕೊಂಡು ಅಲ್ಲಿ ಹುಡುಕಿ. ಕಟ್ಟೆಯ ಕಲ್ಲಿನ ಮೇಲಿನ ಪಾಚಿಯ ಗೆರೆ ಇದಕ್ಕೆ ಸಾಕ್ಷಿ ಹೇಳುತ್ತದೆ.

ಹೊಂದಿಸುವುದು, ಬೀಸುವುದು

ಹೊತ್ತು ಆರಿಸುವುದು ಸುಲಭ: ನಸುಕು, ಅದರಲ್ಲೂ ವಾರಾಂತ್ಯ ಮುಗಿದ ಮರುದಿನದ ನಸುಕು. ಜನರಿರುವಾಗ ಅವರ ಕಾಲುಗಳ ನಡುವೆ ಯಂತ್ರ ಆಡಿಸುವುದು ಅಸಭ್ಯ, ಅದರಿಂದಲೇ ಎಷ್ಟೋ ದಂಡೆಗಳಲ್ಲಿ ನಿಷೇಧ ಬಂದಿದೆ.

ದಂಡೆಗೆ ಹೋದೊಡನೆ ಯಂತ್ರವನ್ನು ನೆಲಕ್ಕೆ ಹೊಂದಿಸಿ. ಲೋಹವಿಲ್ಲದ ಜಾಗದಲ್ಲಿ ಕಾಯಿಲನ್ನು ನೆಲದಿಂದ ಮೇಲಕ್ಕೆತ್ತಿ ಇಳಿಸಿ, ಎತ್ತಿ ಇಳಿಸಿ, ಸದ್ದು ಸಮನಾಗುವವರೆಗೆ ನೆಲದ ಸಮತೋಲನ ಸರಿಮಾಡಿಕೊಳ್ಳಬೇಕು. ಕಬ್ಬಿಣದ ಅಂಶವಿರುವ ಕಪ್ಪು ಮರಳಿದ್ದರೆ ಇದು ಕಡ್ಡಾಯ. ಒಣ ಮರಳಿನಿಂದ ನೀರಿಗೆ ಹೋದಾಗ ಮತ್ತೊಮ್ಮೆ ಮಾಡಿ. ಸೂಕ್ಷ್ಮತೆಯನ್ನು ಪೂರ್ತಿ ಏರಿಸುವ ಚಪಲ ಎಲ್ಲರಿಗೂ ಇರುತ್ತದೆ. ಯಂತ್ರ ಗೊಣಗಲು ಶುರುಮಾಡಿದರೆ ಒಂದೆರಡು ಮೆಟ್ಟಿಲು ಇಳಿಸಿ. ಶಾಂತವಾಗಿರುವ ಯಂತ್ರದ ಸಣ್ಣ ಪಿಸುಮಾತು ಕೇಳುತ್ತದೆ, ಗೊಣಗುವ ಯಂತ್ರದ ಕೂಗೂ ಕೇಳುವುದಿಲ್ಲ.

ಗೊಣಗಾಟಕ್ಕೆ ಮರಳನ್ನು ಬೈಯುವ ಮೊದಲು ನಿಮ್ಮನ್ನೇ ಒಮ್ಮೆ ನೋಡಿಕೊಳ್ಳಿ. 1881ರಲ್ಲಿ ಗುಂಡೇಟು ತಿಂದು ಮಲಗಿದ್ದ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡರ ಮೈಯಲ್ಲಿ ಗುಂಡು ಎಲ್ಲಿದೆಯೆಂದು ಪತ್ತೆಮಾಡಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದ್ದೇ ಒಂದು ಉಪಕರಣ ತಂದಿದ್ದರು. ಅದು ಗುಂಡನ್ನು ತೋರಿಸಲಿಲ್ಲ. ಹಾಸಿಗೆಯೊಳಗಿನ ಉಕ್ಕಿನ ಸ್ಪ್ರಿಂಗುಗಳು ಅದನ್ನು ಗಲಿಬಿಲಿಗೊಳಿಸಿದ್ದವು. ನಮ್ಮ ಹಾಸಿಗೆ ಸ್ಪ್ರಿಂಗುಗಳೆಂದರೆ ಬೂಟಿನ ಲೋಹದ ಕೊಂಡಿ, ಪಕ್ಕದಲ್ಲೇ ಎಳೆದುಕೊಂಡು ಹೋಗುವ ಉಕ್ಕಿನ ಸ್ಕೂಪ್, ಜೇಬಿನ ಮೊಬೈಲ್. ಸ್ಕೂಪನ್ನು ದೇಹದ ಹಿಂದೆ, ಒಂದು ಮಾರು ದೂರದಲ್ಲಿ ಎಳೆಯುವುದನ್ನು ರೂಢಿಸಿಕೊಳ್ಳಿ.

ಬೀಸುವುದು ನಿಧಾನವಾಗಿರಲಿ. ಕಾಯಿಲ್ ತಳವನ್ನು ಸವರಿಕೊಂಡೇ ಸಾಗಬೇಕು. ಬೀಸಿನ ಕೊನೆಯಲ್ಲಿ ತೊಟ್ಟಿಲಿನಂತೆ ಮೇಲಕ್ಕೇಳಬಾರದು. ಪ್ರತಿ ಬೀಸೂ ಹಿಂದಿನದರ ಅರ್ಧವನ್ನು ಮುಚ್ಚಲಿ. ದಡಕ್ಕೆ ಸಮಾನಾಂತರವಾಗಿ ಹೋಗಿ, ತಿರುಗಿ ಬನ್ನಿ. ಒಣ ಮರಳಿನಲ್ಲಿ ಸ್ಕೂಪಿನ ತುದಿಯಿಂದ ಗೆರೆ ಎಳೆದುಕೊಂಡರೆ ಎಲ್ಲಿ ನೋಡಿದ್ದೇವೆ ಎಂಬ ಗೊಂದಲವಿರುವುದಿಲ್ಲ. ನೀರಿನಲ್ಲಿ ದಡದ ಎರಡು ಗುರುತುಗಳನ್ನು, ಒಂದು ಹತ್ತಿರದ ಕಂಬ ಮತ್ತು ಅದರ ಹಿಂದಿನ ಮರ ಎಂಬಂತೆ, ಒಂದೇ ಸಾಲಿಗೆ ತಂದುಕೊಂಡು ನಡೆಯಿರಿ. ಇಡೀ ದಂಡೆಯನ್ನು ಮೇಲುಮೇಲೆ ಸವರುವುದಕ್ಕಿಂತ ನಿಮ್ಮ ನಕ್ಷೆಯ ಒಂದು ಚೌಕವನ್ನು ಕೂಲಂಕಷವಾಗಿ ಮುಗಿಸುವುದು ಮೇಲು. ಮುಗಿದ ಮೇಲೆ ಅದೇ ಚೌಕವನ್ನು ದಡಕ್ಕೆ ಅಡ್ಡವಾಗಿ ಮತ್ತೊಮ್ಮೆ ನೋಡಿ. ನಿಂತಂತೆ ಹೂತ ಉಂಗುರ ಒಂದು ದಿಕ್ಕಿನಲ್ಲಿ ಮೂಕವಾಗಿದ್ದು ಇನ್ನೊಂದು ದಿಕ್ಕಿನಲ್ಲಿ ಮಾತಾಡುವುದುಂಟು.

ಚಿನ್ನ ಕಸದ ದನಿಯಲ್ಲೇ ಮಾತಾಡುತ್ತದೆ

ಹೊಸಬರು ಎಡವುವುದು ಇಲ್ಲೇ. ಪಲ್ಸ್ ಇಂಡಕ್ಷನ್ ಬಿಟ್ಟರೆ ಹೆಚ್ಚಿನ ಯಂತ್ರಗಳಲ್ಲಿ ಬೇಡದ ಲೋಹಗಳನ್ನು ಮೌನಗೊಳಿಸುವ ಸೌಕರ್ಯವಿದೆ. ಮೊದಲ ದಿನವೇ ಇಪ್ಪತ್ತು ಬಾಟಲಿ ಮುಚ್ಚಳ, ಹತ್ತು ಕ್ಯಾನಿನ ಕಿವಿ (ಪಾನೀಯದ ಕ್ಯಾನು ತೆರೆಯಲು ಎಳೆಯುವ ಕೊಂಡಿ) ತೆಗೆದು ಬೇಸತ್ತವರು ಅಲ್ಯೂಮಿನಿಯಮ್ಮನ್ನು ಮೌನಗೊಳಿಸುತ್ತಾರೆ. ಆಮೇಲೆ ದಂಡೆ ಹಿತವಾಗಿ ಶಾಂತವಾಗುತ್ತದೆ, ಚಿನ್ನವೂ ಅದರೊಂದಿಗೆ ಶಾಂತವಾಗುತ್ತದೆ. ಯಾಕೆಂದರೆ ಆಭರಣದ ಚಿನ್ನ ಬೇರೆ ಲೋಹಗಳ ಬೆರಕೆ. ಉಂಗುರದ ಗಾತ್ರ, ದಪ್ಪ, ಬೆರಕೆಯ ಪ್ರಮಾಣ ಎಲ್ಲ ಸೇರಿ ಅದರ ಸಂಕೇತ ಸಿಗರೇಟು ಪೊಟ್ಟಣದ ಬೇಗಡೆಯಿಂದ ಹಿಡಿದು ಕ್ಯಾನಿನ ಕಿವಿಯವರೆಗೆ ಎಲ್ಲಿ ಬೇಕಾದರೂ ಬೀಳಬಹುದು. ಸಂಕೇತಕ್ಕೆ ತಕ್ಕಂತೆ ಯಂತ್ರದ ಪರದೆಯ ಮೇಲೆ ಮೂಡುವ ಸಂಖ್ಯೆಗೆ ಇವನ್ನು ಬೇರ್ಪಡಿಸುವ ಶಕ್ತಿಯಿಲ್ಲ. ಬೆಳ್ಳಿ, ತಾಮ್ರ ಬಹಳ ಮೇಲಿನ ಸಂಖ್ಯೆ ತೋರಿಸುತ್ತವೆ, ಅವುಗಳಲ್ಲಿ ತಕರಾರು ಕಡಿಮೆ. ನನ್ನ ಮೊದಲ ಬೇಸಿಗೆ ಪೂರ್ತಿ ಈ ಮೌನದಲ್ಲೇ ಕಳೆಯಿತು: ನಾಣ್ಯ ರಾಶಿ, ಉಂಗುರ ಒಂದೂ ಇಲ್ಲ.

ಹಾಗಾಗಿ ಕಬ್ಬಿಣವನ್ನು ಮಾತ್ರ ಮೌನಗೊಳಿಸಿ, ಮಿಕ್ಕದ್ದನ್ನೆಲ್ಲ ಅಗೆಯಿರಿ. ಮರಳಿನಲ್ಲಿ ಅಗೆಯುವುದೇನೂ ಗಟ್ಟಿನೆಲ ಅಗೆದಂತಲ್ಲ. ಎರಡೂ ಕಡೆಯಿಂದ ಬೀಸಿದಾಗ ಒಂದೇ ಬಗೆಯಾಗಿ, ದುಂಡಗೆ, ಅಂಚು ನುಣುಪಾಗಿ ಬರುವ ಸದ್ದು ಉಂಗುರದ ಲಕ್ಷಣ. ಉಕ್ಕಿನ ಮುಚ್ಚಳದ ಸದ್ದು ಅಂಚಿನಲ್ಲಿ ಹರಿದಂತಿರುತ್ತದೆ, ಕಾಯಿಲನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಕಬ್ಬಿಣದ ಗೊರಗೊರ ಸದ್ದು ಹೊರಬೀಳುತ್ತದೆ. ಸಂಖ್ಯೆ ಕುಣಿಯುತ್ತಿದ್ದರೆ ತುಕ್ಕು ಹಿಡಿದದ್ದೋ ಸುಕ್ಕಾದ ತಗಡೋ ಇರಬೇಕು. ಇವೆಲ್ಲ ಲಕ್ಷಣಗಳಷ್ಟೇ, ತೀರ್ಪಲ್ಲ. ತೆಳು ಸರವಂತೂ ಹತ್ತಾರು ಬಿಡಿಬಿಡಿ ಕೊಂಡಿಗಳಾಗಿ ಮಾತ್ರ ಯಂತ್ರಕ್ಕೆ ಕಾಣುತ್ತದೆ. ಇಡೀ ಸರ ಮರಳಿನಲ್ಲಿದ್ದರೂ ಅದರ ಕೊಕ್ಕೆಯೊಂದೇ ಕ್ಷೀಣವಾಗಿ ಕೆಮ್ಮಿದ ಹಾಗೆ ಕೇಳಿಸೀತು.

ಮನೆಯಲ್ಲಿ ಒಂದು ಅಭ್ಯಾಸ ಮಾಡಿ. ನಿಮ್ಮ ಉಂಗುರಕ್ಕೆ ಬಣ್ಣದ ದಾರ ಕಟ್ಟಿ ಮರಳಿನಲ್ಲಿ ನಾಲ್ಕು ಬೆರಳು ಆಳಕ್ಕೆ ಹೂತು ಆಲಿಸಿ, ಆಮೇಲೆ ಎಂಟು ಬೆರಳು. ಪಕ್ಕದಲ್ಲಿ ಕ್ಯಾನಿನ ಕಿವಿ, ಮುಚ್ಚಳ, ನಾಣ್ಯ. ಕಣ್ಣು ಮುಚ್ಚಿ ಯಾವುದು ಯಾವುದೆಂದು ಹೇಳಲು ಯತ್ನಿಸಿ. ಸೋಲುತ್ತೀರಿ. ಆ ಸೋಲು ಅಲ್ಲೇ ಆಗಿಬಿಟ್ಟರೆ ದಂಡೆಯಲ್ಲಿ ಅಗೆಯಲು ಬೇಸರವಾಗುವುದಿಲ್ಲ.

ಕಸವನ್ನು ಬೈಯುತ್ತಲೇ ಓದಲು ಕಲಿತರೆ ಅದು ಪಂಚಾಂಗವೂ ಆಗುತ್ತದೆ. ಪಾನೀಯದ ಕ್ಯಾನನ್ನು ಕೊಂಡಿ ಎಳೆದು ತೆರೆಯುವ ಕ್ರಮಕ್ಕೆ ಅಮೆರಿಕದ ಎರ್ಮಲ್ ಫ್ರೇಜ್ 1963ರಲ್ಲಿ ಪೇಟೆಂಟ್ ಪಡೆದರು. ಆ ಕೊಂಡಿ ನಾಲಿಗೆಯ ಸಮೇತ ಕಿತ್ತು ಕೈಗೆ ಬರುತ್ತಿತ್ತು, ಜನ ಅದನ್ನು ಮರಳಿಗೆ ಎಸೆಯುತ್ತಿದ್ದರು. 1975ರಲ್ಲಿ ಕ್ಯಾನಿಗೇ ಅಂಟಿಕೊಂಡಿರುವ ಈಗಿನ ಕಿವಿ ಬಂದ ಮೇಲೆ ಹಳೆಯದು ಕ್ರಮೇಣ ಮರೆಯಾಯಿತು. ಆ ಕ್ಯಾನುಗಳು ಬಳಕೆಯಲ್ಲಿದ್ದ ಕಡೆ ನಿಮ್ಮ ಸ್ಕೂಪಿನಲ್ಲಿ ಬಾಲವಿರುವ ಹಳೆಯ ಕೊಂಡಿಗಳು ಒಂದರ ಮೇಲೊಂದು ಬಂದರೆ ನೀವು ಮುಟ್ಟಿರುವುದು ಅರ್ಧ ಶತಮಾನದ ಹಿಂದಿನ ಪದರವನ್ನು. ಆ ಕಾಲದ ಉಂಗುರ, ನಾಣ್ಯಗಳೂ ಅದೇ ಆಳದಲ್ಲಿರಬಹುದು. ಇಂಥ ಜಾಗ ಸಿಕ್ಕಿದಾಗ ಮುಂದೆ ಹೋಗದೆ ಅಲ್ಲೇ ಠಿಕಾಣಿ ಹೂಡುತ್ತೇನೆ.

ನೀರಿನ ತಳದಿಂದ ಮೇಲೆತ್ತುವುದು

ಒಣ ಮರಳಿನಲ್ಲಿ ಇದು ಮಕ್ಕಳಾಟ. ನೀರಿನಲ್ಲಿ ತಳ ಕಾಣುವುದಿಲ್ಲ, ಒಂದು ಹೆಜ್ಜೆ ತಪ್ಪಿದರೆ ಗುರಿಯೇ ಕಳೆದುಹೋಗುತ್ತದೆ. ನಾನು ಪಾಲಿಸುವ ಕ್ರಮ ಹೀಗಿದೆ:

1. ಸದ್ದು ಬಂದ ಜಾಗದ ಮೇಲೆ ಕಾಯಿಲನ್ನು ಎಡಬಲ, ಹಿಂದುಮುಂದು ಆಡಿಸಿ ಸದ್ದು ಅತಿ ಗಟ್ಟಿಯಾಗುವ ಬಿಂದುವನ್ನು ಕಾಯಿಲಿನ ನಡುವಿಗೆ ತಂದುಕೊಳ್ಳಿ.

2. ಕಾಯಿಲ್ ಅಲುಗಿಸದೆ ಬೂಟಿನ ತುದಿಯನ್ನು ಕಾಯಿಲಿನ ಹಿಂಬದಿಯ ಅಂಚಿಗೆ ತಾಗಿಸಿ ನಿಲ್ಲಿ. ಇನ್ನು ಆ ಕಾಲು ಕದಲಬಾರದು, ಅದೇ ನಿಮ್ಮ ಗೂಟ.

3. ಕಾಯಿಲನ್ನು ಎತ್ತಿ ಪಕ್ಕಕ್ಕಿಡಿ. ಸ್ಕೂಪಿನ ಬಾಯನ್ನು ಕಾಯಿಲಿನ ನಡು ಇದ್ದ ಜಾಗಕ್ಕಿಂತ ಒಂದು ಗೇಣು ಆಚೆಗೆ, ನಿಮ್ಮ ಕಡೆಗೆ ಮುಖಮಾಡಿ ಊರಿ. ಇನ್ನೊಂದು ಕಾಲಿನಿಂದ ಸ್ಕೂಪಿನ ಹಿಂಬದಿಯನ್ನು ಒತ್ತಿ, ನಿಮ್ಮತ್ತ ಎಳೆದು ಮೇಲೆತ್ತಿ.

4. ಎತ್ತಿದ್ದನ್ನು ಜಾಲಿಸುವ ಮೊದಲು ಅದೇ ಕುಳಿಯ ಮೇಲೆ ಮತ್ತೊಮ್ಮೆ ಕಾಯಿಲ್ ಆಡಿಸಿ. ಸದ್ದು ನಿಂತಿದ್ದರೆ ವಸ್ತು ಸ್ಕೂಪಿನಲ್ಲಿದೆ. ಇನ್ನೂ ಇದ್ದರೆ ಮತ್ತೆ ಒತ್ತಿ.

5. ಸ್ಕೂಪನ್ನು ಅರ್ಧ ನೀರಿನಲ್ಲಿ ಮುಳುಗಿಸಿ ಅಲುಗಿಸಿ. ಮರಳು ಇಳಿದುಹೋಗುತ್ತದೆ. ಉಳಿದ ಜಲ್ಲಿಯನ್ನು ಬೆರಳಿನಿಂದ ಕೆದಕಬೇಡಿ, ತೇಲುಜರಡಿಗೆ ಸುರಿದು ನೋಡಿ.

ನಾಲ್ಕನೆಯದನ್ನು ಬಿಟ್ಟವರು ಖಾಲಿ ಸ್ಕೂಪುಗಳನ್ನು ಜಾಲಿಸುತ್ತಾ ಬೆಳಗು ಕಳೆಯುತ್ತಾರೆ. ಮೆದು ಹೂಳಿನ ತಳದಲ್ಲಿ ಮೊದಲ ಒತ್ತಿಗೆ ಉಂಗುರ ಪಕ್ಕಕ್ಕೆ ಜಾರುತ್ತದೆ, ಅಲ್ಲಿ ಸ್ಕೂಪನ್ನು ದೂರದಿಂದ ಆಳವಾಗಿ ಹಾಕಬೇಕು. ಸ್ಕೂಪಿನ ಹಿಡಿಗೊಂದು ಹಗ್ಗ ಕಟ್ಟಿ ಮಣಿಕಟ್ಟಿಗೋ ಬೆಲ್ಟಿಗೋ ಸಿಕ್ಕಿಸಿ, ಉಕ್ಕಿನ ಸ್ಕೂಪ್ ತೇಲುವುದಿಲ್ಲ. ತೆಗೆದ ಕುಳಿಯನ್ನು ನೀರಿನಲ್ಲೂ ಕಾಲಿನಿಂದ ಮುಚ್ಚಿ. ಮಕ್ಕಳು ನಡೆಯುವ ತಳದಲ್ಲಿ ಮೊಳದಾಳದ ಗುಂಡಿ ಬಿಟ್ಟುಬರುವುದು ತಮಾಷೆಯಲ್ಲ.

ಮೊದಲು ಹೇಳಿದ ಆ ತಂದೆಯ ಉಂಗುರ ಮರುದಿನ ನಸುಕಿನಲ್ಲಿ ಸಿಕ್ಕಿತು. ಅವರು ತೋರಿಸಿದ ಜಾಗದಲ್ಲಿ ಎರಡು ಗಂಟೆ ಹುಡುಕಿದೆ, ನಾಲ್ಕು ಹೇರ್‌ಪಿನ್ನು ಬಂದವು. ಕೊನೆಗೆ ದಡದಲ್ಲಿ ಕೂತು ಹಿಂದಿನ ದಿನ ಕಂಡದ್ದನ್ನು ನೆನಪಿಸಿಕೊಂಡೆ. ಸೂರ್ಯ ಕಣ್ಣಿಗೆ ಹೊಡೆಯುತ್ತಿದ್ದರಿಂದ ಅವರು ಮಗುವನ್ನು ಎಸೆಯುವಾಗ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಹೋಗಿದ್ದರು. ಉಂಗುರ ಇಲ್ಲವೆಂದು ಗೊತ್ತಾದ ಜಾಗವನ್ನು ಅವರು ತೋರಿಸಿದ್ದರು, ಬಿದ್ದ ಜಾಗವನ್ನಲ್ಲ. ಅಲ್ಲಿಂದ ಏಳೆಂಟು ಹೆಜ್ಜೆ ದಡದ ಕಡೆಗೆ, ಎರಡನೆಯ ಸ್ಕೂಪಿನಲ್ಲಿ, ಜಲ್ಲಿಯ ನಡುವೆ ಹಳದಿ ಕಮಾನೊಂದು ಕಂಡಿತು. ಚಿನ್ನ ಮಾಸುವುದಿಲ್ಲ, ಹೂಳಿನಿಂದ ಎದ್ದರೂ ನಿನ್ನೆ ಬಿದ್ದಂತಿರುತ್ತದೆ. ಇದಂತೂ ನಿಜವಾಗಿಯೂ ನಿನ್ನೆ ಬಿದ್ದದ್ದೇ.

ನೀರಿನ ಲೆಕ್ಕ

ಹೆಡ್‌ಫೋನ್ ಹಾಕಿ, ಕಣ್ಣು ತಗ್ಗಿಸಿ ನಡೆಯುವವನಿಗೆ ಸುತ್ತಲಿನ ಪರಿವೆ ಇರುವುದಿಲ್ಲ. ಅದಕ್ಕೇ ಒಬ್ಬರೇ ನೀರಿಗಿಳಿಯಬೇಡಿ, ದಡದಲ್ಲಿ ಒಬ್ಬರಿರಲಿ. ಎದೆಮಟ್ಟವೇ ಗಡಿ, ಈಜು ಬಂದರೂ ಅಷ್ಟೇ. ತಳ ಇದ್ದಕ್ಕಿದ್ದಂತೆ ಕುಸಿಯುವ ಜಾಗ ಜಲಾಶಯಗಳಲ್ಲಿ ಸಾಮಾನ್ಯ. ಕಾಲಿಡುವ ಮೊದಲು ಸ್ಕೂಪಿನ ಹಿಡಿಯಿಂದ ಮುಂದಿನ ಹೆಜ್ಜೆಯನ್ನು ಅಳೆಯಿರಿ. ಕಾಲು ಹೂಳಿನಲ್ಲಿ ಮೊಣಕಾಲಿನವರೆಗೆ ಹೂತರೆ ಹಿಂದಿರುಗಿ. ತೂಬು, ಗೇಟುಗಳ ಹತ್ತಿರ ಹೋಗಲೇಬೇಡಿ. ಗುಡುಗು ಕೇಳಿಸಿದರೆ ನೀರಿನಿಂದ ಹೊರಬನ್ನಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ನೀರಿನ ಮೇಲೆ ಹಸಿರು ಬಣ್ಣ ಸುರಿದಂತೆ ಕೆನೆಗಟ್ಟಿದ್ದರೆ ಅದು ವಿಷಕಾರಿ ನೀಲಿಹಸಿರು ಪಾಚಿ ಇರಬಹುದು, ಆ ದಿನ ಒಣ ಮರಳೇ ಸಾಕು. ನೀರಿನಲ್ಲಿ ನಿಂತಾಗ ಬಿಸಿಲು ತಿಳಿಯುವುದಿಲ್ಲ, ಬಾಯಾರಿಕೆಯೂ ಇಲ್ಲ. ಕುಡಿಯುವ ನೀರನ್ನು ಗಡಿಯಾರ ನೋಡಿಯೇ ಕುಡಿಯಬೇಕು.

ಸ್ಕೂಪಿನಲ್ಲಿ ಮದ್ದುಗುಂಡಿನಂಥದ್ದು ಬಂದರೆ ಅಲುಗಿಸದೆ ಕೆಳಗಿಟ್ಟು, ಜಾಗ ಗುರುತಿಸಿ, ದೂರ ಸರಿದು ಪೊಲೀಸರಿಗೆ ತಿಳಿಸಿ.

ಸಿಕ್ಕದ್ದನ್ನು ಏನು ಮಾಡುವುದು

ಮೊದಲು ಬರೀ ನೀರಿನಲ್ಲಿ ತೊಳೆಯಿರಿ, ಉಜ್ಜಬೇಡಿ. ಹೂಳಿನ ಗಂಧಕಕ್ಕೆ ಬೆಳ್ಳಿ ಕಪ್ಪಾಗಿರುತ್ತದೆ, ಅದನ್ನು ಸೀಸದ ತುಂಡೆಂದು ಎಸೆದವರಿದ್ದಾರೆ. ಉಂಗುರದ ಒಳಬದಿಯನ್ನು ಭೂತಗನ್ನಡಿಯಲ್ಲಿ ನೋಡಿ: 375, 585, 750, 916 ಎಂಬ ಅಂಕಿಗಳು ಸಾವಿರ ಪಾಲಿನಲ್ಲಿ ಚಿನ್ನ ಎಷ್ಟೆಂಬುದನ್ನೂ 925 ಬೆಳ್ಳಿಯನ್ನೂ ಸೂಚಿಸುತ್ತವೆ. ಅಲ್ಲೇ ಹೆಸರು, ತಾರೀಕು ಕೆತ್ತಿರಬಹುದು.

ಹೆಸರಿದ್ದರೆ ನಿಮ್ಮ ಕೆಲಸ ಇನ್ನೂ ಮುಗಿದಿಲ್ಲ. ದಂಡೆಯ ಜೀವರಕ್ಷಕರಲ್ಲಿ, ಕಚೇರಿಯಲ್ಲಿ ಕಳೆದವರ ದೂರು ಇದೆಯೇ ಎಂದು ವಿಚಾರಿಸಿ, ಸ್ಥಳೀಯ ನಿಯಮವಿದ್ದರೆ ಪೊಲೀಸರಿಗೊಪ್ಪಿಸಿ. ಪ್ರಕಟಣೆ ಹಾಕುವುದಾದರೆ 'ಒಂದು ಉಂಗುರ ಸಿಕ್ಕಿದೆ' ಎಂದಷ್ಟೇ ಹಾಕಿ. ಚಿತ್ರ ಹಾಕಿದರೆ ಹತ್ತು ಮಂದಿ ವಾರಸುದಾರರು ಹುಟ್ಟಿಕೊಳ್ಳುತ್ತಾರೆ. ಒಳಗೇನು ಕೆತ್ತಿದೆ, ಕಲ್ಲು ಎಷ್ಟಿವೆ, ಯಾವ ಬೇಸಿಗೆಯಲ್ಲಿ, ಯಾವ ಏಣಿಯ ಹತ್ತಿರ ಕಳೆಯಿತು ಎಂದು ಅವರೇ ಹೇಳಲಿ. ನಮ್ಮ ಆ ತಂದೆಗೂ ನಾನು ಹೀಗೇ ಕೇಳಿದೆ, ಅವರು ಕಳೆದುಕೊಂಡದ್ದನ್ನು ಕಣ್ಣಾರೆ ಕಂಡಿದ್ದರೂ. ತಾರೀಕು ಹೇಳಲು ಅವರು ತಡವರಿಸಿದರು, ಪಕ್ಕದಲ್ಲಿದ್ದ ಹೆಂಡತಿ ಥಟ್ಟನೆ ಹೇಳಿದರು.

ಮನೆಗೆ ಬಂದ ಮೇಲೆ

ಯಂತ್ರವನ್ನು ಶುದ್ಧ ನೀರಿನಲ್ಲಿ ತೊಳೆಯಿರಿ. ಕೆರೆಯ ನೀರು ಉಪ್ಪಲ್ಲದಿದ್ದರೂ ಸಣ್ಣ ಮರಳು ಕೊಳವೆಯ ಕೀಲುಗಳಲ್ಲಿ ಸೇರಿ ಅರದಂತೆ ತೇಯುತ್ತದೆ. ಕಾಯಿಲಿನ ಕೆಳಗಿನ ಪ್ಲಾಸ್ಟಿಕ್ ಕವಚವನ್ನು ತೆಗೆದು ಒಳಗಿನ ಮರಳು ತೊಳೆಯುವುದನ್ನು ಎಲ್ಲರೂ ಮರೆಯುತ್ತಾರೆ. ಅಲ್ಲಿ ಕಪ್ಪು ಮರಳು ಕೂತರೆ ಮುಂದಿನ ಸಲ ಯಂತ್ರ ಏನೂ ಇಲ್ಲದೆಯೇ ಕಿರುಚುತ್ತದೆ, ನೀವು ಕೆರೆಯನ್ನು ಬೈಯುತ್ತೀರಿ. ಚಾರ್ಜಿಂಗ್ ಮುಚ್ಚಳವನ್ನು ಪೂರ್ತಿ ಒಣಗಿದ ಮೇಲೆಯೇ ತೆರೆಯಿರಿ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಲಿಥಿಯಂ ಬ್ಯಾಟರಿಯ ಯಂತ್ರವನ್ನು ಬಿಡಬೇಡಿ.

ಕೊನೆಗೆ ಒಂದು ಪುಟ್ಟ ಪುಸ್ತಕ ಇಟ್ಟುಕೊಂಡು ಅಂದಿನದನ್ನು ಅಂದೇ ಬರೆಯಿರಿ: ತಾರೀಕು, ನೀರಿನ ಮಟ್ಟ, ನೋಡಿದ ಚೌಕ, ಎಷ್ಟು ಆಳಕ್ಕೆ ಏನು ಸಿಕ್ಕಿತು, ಕಸದ ಸಮೇತ. ನನ್ನ ಪುಸ್ತಕದಲ್ಲಿ ಒಂದೇ ದಂಡೆಯ ಮೂರು ಬೇಸಿಗೆಗಳಿವೆ. ಉಂಗುರಗಳನ್ನು ಕೆಂಪು ಚುಕ್ಕೆಯಲ್ಲಿ ಗುರುತಿಸಿದ್ದೇನೆ. ಅರ್ಧಕ್ಕಿಂತ ಹೆಚ್ಚು ಚುಕ್ಕೆಗಳು ಏಣಿಯ ಬುಡದಿಂದ ತೇಲುಹಗ್ಗದವರೆಗಿನ ಒಂದು ಕಿರಿದಾದ ಪಟ್ಟಿಯಲ್ಲೇ ಬಿದ್ದಿವೆ. ಈ ವರ್ಷ ಆ ಏಣಿಯನ್ನು ಇಪ್ಪತ್ತು ಹೆಜ್ಜೆ ಎಡಕ್ಕೆ ಸರಿಸಿದ್ದಾರೆ.